ಗಡಿ ದಾಟದ ಡಕಾರ್ ನಿಮಗೆ ಡಕಾರ್ ಎನಿಸುತ್ತದೆಯೇ?

ಟೆನೆರೆ77:
2020ರಿಂದ ಈಚೆಗೆ, ಬೈಕು ಕಾರುಗಳು ಎರಡು ವಾರ ಮರುಭೂಮಿಯಲ್ಲಿ ಓಡುವ ಡಕಾರ್ ರ್ಯಾಲಿ ಸೌದಿ ಅರೇಬಿಯಾದಿಂದ ಹೊರಗೆ ಕಾಲಿಟ್ಟಿಲ್ಲ. ಪ್ರತಿ ಜನವರಿಯಲ್ಲೂ ಎರಡು ವಾರ ಬೇರೆ ಕೆಲಸ ಬದಿಗಿಟ್ಟು ನೋಡುತ್ತೇನೆ. ಸವಾರರ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೂ ಕೊನೆಯ ದಿನ ವೇದಿಕೆಯ ಮೇಲೆ ಬಾವುಟ ಹಾರಿದಾಗ ಏನೋ ಒಂದು ಬಾಕಿ ಉಳಿದಂತೆ ಅನಿಸುತ್ತದೆ. ಅದೇನೆಂದು ನಿಮ್ಮೆಲ್ಲರ ಜೊತೆ ಕುಳಿತು ಬಿಡಿಸಿಕೊಳ್ಳಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

1977ರಲ್ಲಿ ಆಬಿಜಾನ್–ನೀಸ್ ರ್ಯಾಲಿಯಲ್ಲಿ ತಿಯೆರಿ ಸಾಬಿನ್ ಎಂಬ ಫ್ರೆಂಚ್ ಸವಾರ ಮರುಭೂಮಿಯಲ್ಲಿ ದಾರಿ ತಪ್ಪಿದ. ಸಾವಿನ ಬಾಗಿಲಿಗೆ ಹೋಗಿ ಬಂದವನು ಆ ಮರಳುಗಾಡನ್ನು ಶಪಿಸಲಿಲ್ಲ, ಇನ್ನಷ್ಟು ಜನರನ್ನು ಅಲ್ಲಿಗೆ ಕರೆದೊಯ್ಯಬೇಕು ಎಂದು ಹಟ ಹಿಡಿದ. 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನ ಟ್ರೊಕಾಡೆರೊ ಚೌಕದಿಂದ 182 ವಾಹನಗಳು ಹೊರಟವು. ಅಲ್ಜೀರಿಯಾ, ನೈಜರ್, ಮಾಲಿ, ಆಗಿನ ಅಪ್ಪರ್ ವೋಲ್ಟಾ (ಈಗಿನ ಬುರ್ಕಿನಾ ಫಾಸೊ) ದಾಟಿ ಸೆನೆಗಲ್‌ನ ಡಕಾರ್ ಮುಟ್ಟಿದ್ದು 74. ಯಮಹಾ ಎಕ್ಸ್‌ಟಿ 500 ಏರಿದ್ದ ಸಿರಿಲ್ ನೆವೂ ಗೆದ್ದ. ಉಳಿದ 108 ವಾಹನಗಳು ದಾರಿಯಲ್ಲೇ ಉಳಿದವು. ನನಗೆ ಡಕಾರ್ ಎಂದರೆ ಮೊದಲು ಕಣ್ಣಿಗೆ ಬರುವುದು ಈ ಲೆಕ್ಕ.

ಆಫ್ರಿಕಾ ಹೋಯಿತು, ದಕ್ಷಿಣ ಅಮೆರಿಕ ಬಂತು, ಅಲ್ಲೂ ಅರ್ಜೆಂಟೀನಾ, ಚಿಲಿ, ಪೆರು, ಬೊಲಿವಿಯಾ, ಪರಾಗ್ವೆ ಎಂದು ಗಡಿಗಳಿದ್ದವು. 2019ರಲ್ಲಿ ಪೆರು ಒಂದರಲ್ಲೇ ನಡೆಯಿತು. ಒಂದೇ ದೇಶದೊಳಗೆ ಮುಗಿದ ಮೊದಲ ಡಕಾರ್ ಅದು. ಈಗಂತೂ ಅದೇ ರೂಢಿಯಾಗಿದೆ. ಗಡಿ ದಾಟದ ರ್ಯಾಲಿಯನ್ನು ನೀವು ಅದೇ ಹೆಸರಿನಿಂದ ಮನಸಾರೆ ಕರೆಯುತ್ತೀರಾ?

ರೋಡ್‌ಬುಕ್‌ರಾಯ:
ಮನಸಾರೆ ಕರೆಯುತ್ತೇನೆ. ಪಾಸ್‌ಪೋರ್ಟಿನ ಮುದ್ರೆಗಳನ್ನು ಎಣಿಸಿ ಈ ರ್ಯಾಲಿಯ ತೂಕ ಹೇಳುವುದು ಸರಿಯಲ್ಲ. ಇದರ ಜೀವ ಇರುವುದು ದಾರಿ ಹುಡುಕುವುದರಲ್ಲಿ, ಆ ಕೆಲಸ ಸೌದಿಯಲ್ಲಿ ಸುಲಭವಾಗಿಲ್ಲ, ಕಷ್ಟವಾಗಿದೆ.

ಮೋಟಾರ್‌ಸೈಕಲ್ ಸವಾರನ ಹ್ಯಾಂಡಲ್ ಮುಂದೆ ಒಂದು ಪೆಟ್ಟಿಗೆ ಇರುತ್ತಿತ್ತು. ಅದರೊಳಗೆ ರೋಡ್‌ಬುಕ್ ಎಂಬ ಕಾಗದದ ಸುರುಳಿ. ಎಡಗೈ ಹೆಬ್ಬೆರಳಿನ ಬಳಿ ಇರುವ ಗುಂಡಿ ಒತ್ತಿದರೆ ಸುರುಳಿ ಮುಂದಕ್ಕೆ ಸರಿಯುತ್ತದೆ. ಒಂದೊಂದು ಸಾಲಿನಲ್ಲೂ ಎಷ್ಟನೇ ಕಿಲೋಮೀಟರ್, ಒಂದು ಪುಟ್ಟ ರೇಖಾಚಿತ್ರ, ದಿಕ್ಸೂಚಿಯ ಡಿಗ್ರಿ. ಮೂರು ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಮುಂದೆ ಪ್ರಾಣಕ್ಕೇ ಅಪಾಯ ಎಂದು ಅರ್ಥ. ಕಲ್ಲು, ಹೊಂಡ, ಮರಳುದಿಬ್ಬ ಎಲ್ಲವನ್ನೂ ತಪ್ಪಿಸುತ್ತಲೇ ನಿಂತುಕೊಂಡು ಅದನ್ನು ಓದಬೇಕು. ಮೊದಲು ಹಿಂದಿನ ಸಂಜೆಯೇ ರೋಡ್‌ಬುಕ್ ಕೈಗೆ ಸಿಗುತ್ತಿತ್ತು. ಸವಾರರು ರಾತ್ರಿ ಕುಳಿತು ಬಣ್ಣದ ಪೆನ್ನಿನಿಂದ ಅಪಾಯದ ಜಾಗಗಳಿಗೆ ಒಂದು ಬಣ್ಣ, ದಿಕ್ಕಿಗೆ ಇನ್ನೊಂದು ಬಣ್ಣ ಬಳಿಯುತ್ತಿದ್ದರು. ಹಣವಿರುವ ತಂಡಗಳಿಗೆ ಅದನ್ನು ನಕಾಶೆಯ ಜೊತೆ ಹೋಲಿಸಿ ನೋಡಲು ಬೇರೆ ಜನರೇ ಇದ್ದರು. 2020ರಿಂದ ಹೊರಡುವ ಮುನ್ನ ಬೆಳಿಗ್ಗೆಯೇ ಕೊಡುವ ಪದ್ಧತಿ ಬಂತು. ಈಚೆಗೆ ಕಾಗದದ ಜಾಗಕ್ಕೆ ಟ್ಯಾಬ್ಲೆಟ್ ಬಂದಿದೆ. ಹೀಗಾಗಿ ದೊಡ್ಡ ತಂಡದವನೂ ಒಂಟಿ ಸವಾರನೂ ಒಂದೇ ಅಜ್ಞಾನದಿಂದ ದಿನ ಆರಂಭಿಸುತ್ತಾರೆ. ಇದಕ್ಕಿಂತ ನ್ಯಾಯವಾದ ಸ್ಪರ್ಧೆ ಆಫ್ರಿಕಾದ ದಿನಗಳಲ್ಲಿ ಇತ್ತೇ?

ಇನ್ನೊಂದು ಮಾತು. ನಿನ್ನೆ ಗೆದ್ದವನು ಇಂದು ಮೊದಲು ಹೊರಡಬೇಕು. ಅವನ ಮುಂದೆ ಒಂದು ಗಾಲಿಯ ಗುರುತೂ ಇರುವುದಿಲ್ಲ. ಹಿಂದೆ ಬರುವವರಿಗೆ ಅವನೇ ದಾರಿ ಗೀಚಿಕೊಡುತ್ತಾನೆ, ಸಮಯ ಕಳೆದುಕೊಳ್ಳುತ್ತಾನೆ. ಆ ಕಷ್ಟಕ್ಕೆ ಪ್ರತಿಫಲ ಇರಲಿ ಎಂದು 2023ರಿಂದ ಮುಂದೆ ನಿಂತು ದಾರಿ ತೆರೆಯುವ ಸವಾರರಿಗೆ ಸಮಯದ ಬೋನಸ್ ಕೊಡುತ್ತಿದ್ದಾರೆ. ಇಷ್ಟು ಸೂಕ್ಷ್ಮವಾಗಿ ಬೆಳೆದಿರುವ ಸ್ಪರ್ಧೆಯನ್ನು ಗಡಿಯ ಲೆಕ್ಕದಲ್ಲಿ ಕೀಳಾಗಿ ಕಾಣಬೇಡಿ.

ಎಡಸೀಟಿನವನು:
ರೋಡ್‌ಬುಕ್‌ರಾಯರ ಮಾತಿಗೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ನಾನು ಸಣ್ಣ ರ್ಯಾಲಿಗಳಲ್ಲಿ ನ್ಯಾವಿಗೇಟರ್ ಆಗಿ ಕುಳಿತವನು. ಒಮ್ಮೆ ಒಂದು ಸಾಲನ್ನು ಓದಿ ಮುಗಿಸುವ ಮೊದಲೇ ಕಣ್ಣು ಮುಂದಿನ ಸಾಲಿಗೆ ಜಾರಿತು. ಮುನ್ನೂರು ಮೀಟರ್ ಮೊದಲೇ ಬಲಕ್ಕೆ ತಿರುಗಿಸಿದೆ. ಆ ದಾರಿಯೂ ನೋಡಲು ಸರಿಯಾಗಿಯೇ ಇತ್ತು, ಅದೇ ಮೋಸ. ಹನ್ನೊಂದು ಕಿಲೋಮೀಟರ್ ಹೋದ ಮೇಲೆ ಚಿತ್ರದಲ್ಲಿದ್ದ ಒಣ ಹಳ್ಳ ಎದುರಿಗೆ ಬರಲೇ ಇಲ್ಲ. ಪಕ್ಕದಲ್ಲಿದ್ದವನು ಒಂದು ಮಾತೂ ಆಡದೆ ಗಾಡಿ ತಿರುಗಿಸಿದ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆ ಮೌನ ಇವತ್ತಿಗೂ ಕಿವಿಯಲ್ಲಿದೆ.

ಆದ್ದರಿಂದ ಗೆದ್ದವರ ಹೆಸರು ಹೇಳುವಾಗ ಪಕ್ಕದ ಸೀಟಿನವರನ್ನೂ ಹೇಳಿ ಎಂದು ಕೇಳಿಕೊಳ್ಳುತ್ತೇನೆ. 2009ರಲ್ಲಿ ದಕ್ಷಿಣ ಅಮೆರಿಕದ ಮೊದಲ ಡಕಾರ್ ಗೆದ್ದದ್ದು ಜಿನಿಯಲ್ ಡಿ ವಿಲಿಯರ್ಸ್ ಮತ್ತು ಡಿರ್ಕ್ ಫಾನ್ ಜಿಟ್ಸೆವಿಟ್ಸ್. 2025ರಲ್ಲಿ ಯಜೀದ್ ಅಲ್ ರಾಜ್ಹಿ ಕಾರು ವಿಭಾಗ ಗೆದ್ದ ಮೊದಲ ಸೌದಿ ಚಾಲಕರಾದಾಗ ಪಕ್ಕದಲ್ಲಿದ್ದವರು ಟಿಮೊ ಗಾಟ್‌ಶಾಲ್ಕ್.

ಹೊಸಹಾದಿ:
ನಾನು ಎರಡು ವರ್ಷದಿಂದ ಮಾತ್ರ ನೋಡುತ್ತಿರುವವಳು. ಒಂದು ಪ್ರಶ್ನೆ. ಗಡಿ ದಾಟುವ ಕಾಲದ ಡಕಾರ್‌ನಲ್ಲಿ ನಮ್ಮವರು ಯಾರಾದರೂ ಓಡಿಸಿದ್ದರೇ? ಸಿ.ಎಸ್. ಸಂತೋಷ್ ಅವರ ಹೆಸರು ಕೇಳಿದ್ದೇನೆ, ಆದರೆ ಅವರು ಯಾವ ದಾರಿಯಲ್ಲಿ ಹೋದರು ಎಂಬುದು ಗೊತ್ತಿಲ್ಲ.

ಉಪ್ಪುನೆಲ:
ಈ ಪ್ರಶ್ನೆಗಾಗಿ ಕಾದಿದ್ದೆ ಎಂದೇ ಹೇಳಬೇಕು!

ಬೆಂಗಳೂರಿನ ಸಂತೋಷ್ ಡಕಾರ್ ಮುಗಿಸಿದ ಮೊದಲ ಭಾರತೀಯ. ವರ್ಷ 2015, ಕೆಟಿಎಂ ಬೈಕು, 36ನೇ ಸ್ಥಾನ. ಆ ವರ್ಷ ಬ್ಯೂನಸ್ ಐರಿಸ್‌ನಿಂದ ಹೊರಟು, ಆಂಡಿಸ್ ದಾಟಿ ಚಿಲಿಗೆ, ಅಲ್ಲಿಂದ ಬೊಲಿವಿಯಾದ ಉಯುನಿಗೆ, ಮತ್ತೆ ಚಿಲಿಯ ಕಡಲಂಚಿನ ಇಕಿಕೆಗೆ, ಕೊನೆಗೆ ಮರಳಿ ಬ್ಯೂನಸ್ ಐರಿಸ್‌ಗೆ. ಮೂರು ದೇಶ.

ಉಯುನಿಯ ಉಪ್ಪುಬಯಲನ್ನು ಚಿತ್ರಗಳಲ್ಲಿ ನೋಡಿದವರಿಗೆ ಅದು ಬಿಳಿಯ ಕನಸು. ಸಮುದ್ರ ಮಟ್ಟದಿಂದ ಸುಮಾರು 3,650 ಮೀಟರ್ ಎತ್ತರ. ಅಲ್ಲಿ ಉಸಿರು ಸಾಲುವುದಿಲ್ಲ, ಎಂಜಿನ್ನಿಗೂ ಗಾಳಿ ಸಾಲುವುದಿಲ್ಲ. ಆ ವರ್ಷ ಮಳೆ ಬಂದು ಬಯಲಿನ ಮೇಲೆ ನೀರು ನಿಂತಿತ್ತು. ಅದು ಮ್ಯಾರಥಾನ್ ಹಂತ, ಅಂದರೆ ರಾತ್ರಿ ಮೆಕ್ಯಾನಿಕ್‌ಗಳು ಬೈಕು ಮುಟ್ಟುವಂತಿಲ್ಲ, ಸವಾರರೇ ತಮ್ಮ ತಮ್ಮಲ್ಲಿ ರಿಪೇರಿ ಮಾಡಿಕೊಳ್ಳಬೇಕು. ಬೆಳಿಗ್ಗೆ ಆ ಉಪ್ಪುನೀರಿನಲ್ಲೇ ಬೈಕುಗಳನ್ನು ಓಡಿಸಿದರು. ನೀರು ಎಂಜಿನ್ನಿನ ಬಿಸಿಗೆ ಆರಿ ಉಪ್ಪು ಮಾತ್ರ ಉಳಿಯುತ್ತದೆ. ರೇಡಿಯೇಟರಿನ ಸಣ್ಣ ಸಣ್ಣ ರೆಕ್ಕೆಗಳ ನಡುವೆ ಗಾರೆಯಂತೆ ಮೆತ್ತಿಕೊಳ್ಳುತ್ತದೆ, ತಂತಿಗಳ ಕೊಂಡಿಯೊಳಗೆ ನುಗ್ಗುತ್ತದೆ. ಅಗ್ರಸ್ಥಾನದಲ್ಲಿದ್ದ ಜುವಾನ್ ಬರೆಡಾ ಅವರ ಹೋಂಡಾ ಅಲ್ಲೇ ಕೈಕೊಟ್ಟಿತು, ಅವರ ಗೆಲುವಿನ ಆಸೆ ಆ ದಿನವೇ ಮುಗಿಯಿತು. ಕಂಪನಿಯೇ ನಡೆಸುವ ಫ್ಯಾಕ್ಟರಿ ತಂಡದ ಬೈಕೇ ನಿಂತುಹೋದ ಆ ರ್ಯಾಲಿಯಲ್ಲಿ, ಮೊದಲ ಬಾರಿ ಹೋದ ನಮ್ಮವರು ತಮ್ಮ ಬೈಕನ್ನು ಕೊನೆಯವರೆಗೆ ತಂದರು. 36 ಎಂಬ ಅಂಕಿಯನ್ನು ನೋಡುವಾಗ ಆ ಉಪ್ಪನ್ನೂ ನೆನೆಯಿರಿ.

ಅದೇ ವರ್ಷ ಲಾಯಿಯಾ ಸಾನ್ಸ್ ಬೈಕು ವಿಭಾಗದಲ್ಲಿ ಒಂಬತ್ತನೇ ಸ್ಥಾನ ಪಡೆದರು. ಮಹಿಳೆಯೊಬ್ಬರು ಬೈಕಿನಲ್ಲಿ ತಲುಪಿದ ಅತ್ಯುತ್ತಮ ಸ್ಥಾನ ಅದು.

ಉಡುಪಿಯ ಕೆ.ಪಿ. ಅರವಿಂದ್ ಅವರನ್ನೂ ಮರೆಯಬಾರದು. 2017 ಮತ್ತು 2018ರಲ್ಲಿ ಪೂರೈಸಲಾಗಲಿಲ್ಲ. 2019ರಲ್ಲಿ ಮೂರನೇ ಬಾರಿ ಹೋಗಿ ಮುಗಿಸಿಯೇ ಬಂದರು. ಎರಡು ಸಲ ಅರ್ಧಕ್ಕೆ ಬಿಟ್ಟುಬಂದ ಜಾಗಕ್ಕೆ ಮತ್ತೆ ಹೋಗಿ ನಿಲ್ಲಲು ಗೆಲುವಿಗೆ ಬೇಕಾದದ್ದಕ್ಕಿಂತ ದೊಡ್ಡ ಎದೆ ಬೇಕು.

ಹೊಸಹಾದಿ:
ಓದುವಾಗ ಮೈ ಜುಮ್ಮೆಂದಿತು. ಉಪ್ಪು ಬೈಕನ್ನು ಕೊಲ್ಲುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಮರುಪ್ರಶ್ನೆ:
ಎಲ್ಲರೂ ಹಳೆಯ ದಿನಗಳನ್ನು ಹಾಡಿ ಹೊಗಳುತ್ತಿದ್ದೀರಿ. ನಾನೂ ಈ ರ್ಯಾಲಿಯನ್ನು ಪ್ರೀತಿಸುವವನೇ, ಆದ್ದರಿಂದಲೇ ಈ ಮಾತು ಹೇಳಬೇಕು. ಆಫ್ರಿಕಾದ ಆ ದೇಶಗಳನ್ನು ನಾವು ದಾಟಬೇಕಾದ ಖಾಲಿ ಜಾಗ ಎಂಬಂತೆ ನೋಡುತ್ತೇವೆ. ಅಲ್ಲಿ ಊರುಗಳಿದ್ದವು, ದನ ಮೇಯಿಸುವವರಿದ್ದರು, ಶಾಲೆಗೆ ಹೋಗುವ ಮಕ್ಕಳಿದ್ದರು. 1988ರಲ್ಲಿ ಮಾಲಿಯಲ್ಲಿ ರಸ್ತೆ ದಾಟುತ್ತಿದ್ದ ಹತ್ತು ವರ್ಷದ ಹುಡುಗಿ ಸ್ಪರ್ಧೆಯ ವಾಹನಕ್ಕೆ ಸಿಕ್ಕಿ ಸತ್ತಳು. ಅದೇ ರ್ಯಾಲಿಯಲ್ಲಿ ಮಾರಿಟೇನಿಯಾದಲ್ಲಿ ಚಿತ್ರೀಕರಣದ ತಂಡದ ವಾಹನ ತಾಯಿಯನ್ನೂ ಮಗಳನ್ನೂ ಕೊಂದಿತು. ಅವರು ಯಾವ ರ್ಯಾಲಿಗೂ ಹೆಸರು ಕೊಟ್ಟವರಲ್ಲ. ತಿಯೆರಿ ಸಾಬಿನ್ 1986ರ ಜನವರಿ 14ರಂದು ಮಾಲಿಯಲ್ಲಿ ಹೆಲಿಕಾಪ್ಟರ್ ಪತನದಲ್ಲಿ, ಗಾಯಕ ದಾನಿಯೆಲ್ ಬಾಲಾವೊಯಿನ್ ಸೇರಿ ನಾಲ್ಕು ಜನರ ಜೊತೆಗೆ ತೀರಿಕೊಂಡದ್ದನ್ನು ಎಲ್ಲರೂ ನೆನೆಯುತ್ತಾರೆ. ಆ ಹುಡುಗಿಯನ್ನು ಯಾರು ನೆನೆಯುತ್ತಾರೆ?

ಸವಾರ ತಾನೇ ಆರಿಸಿಕೊಂಡ ಅಪಾಯ ಬೇರೆ. ದಾರಿಯ ಪಕ್ಕ ನಿಂತವರ ಮೇಲೆ ಹೋಗಿ ಬೀಳುವ ಅಪಾಯ ಬೇರೆ. ಗಡಿ ದಾಟುವುದು ಚೆಂದ ಎನ್ನುವ ಮೊದಲು, ಗಡಿಯ ಆಚೆಗಿನವರನ್ನು ಕೇಳಿ ದಾಟಿದ್ದೇವೆಯೇ ಎಂದು ನೋಡಬೇಕು.

ಟೆನೆರೆ77:
ಮರುಪ್ರಶ್ನೆಯವರೇ, ನಿಮ್ಮ ಮಾತಿಗೆ ನನ್ನಲ್ಲಿ ಎದುರುತ್ತರ ಇಲ್ಲ. ಆ ಹುಡುಗಿಯ ವಿಷಯವನ್ನು ನಾನು ಮೊದಲ ಮಾತಿನಲ್ಲೇ ಬರೆಯಬೇಕಿತ್ತು. 108 ವಾಹನಗಳು ದಾರಿಯಲ್ಲೇ ಉಳಿದವು ಎಂದು ಹೆಮ್ಮೆಯಿಂದ ಬರೆದವನು, ದಾರಿಯ ಪಕ್ಕದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆಫ್ರಿಕಾ ಕೈತಪ್ಪಿದ ಕಾರಣವನ್ನೂ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 2000ದಲ್ಲಿ ಡಕಾರ್‌ನಿಂದ ಕೈರೋಗೆ ಹೋಗುತ್ತಿದ್ದ ರ್ಯಾಲಿಗೆ ನೈಜರ್‌ನಲ್ಲಿ ದಾಳಿಯ ಬೆದರಿಕೆ ಬಂತು. ಇಡೀ ರ್ಯಾಲಿಯನ್ನು ದೈತ್ಯ ಆಂಟೊನೊವ್ ವಿಮಾನಗಳಿಗೆ ತುಂಬಿ ನಿಯಾಮೆಯಿಂದ ಲಿಬಿಯಾದ ಸಭಾಕ್ಕೆ ಹಾರಿಸಿದರು. 2007ರ ಡಿಸೆಂಬರ್ 24ರಂದು ಮಾರಿಟೇನಿಯಾದಲ್ಲಿ ನಾಲ್ವರು ಫ್ರೆಂಚ್ ಪ್ರವಾಸಿಗರ ಹತ್ಯೆಯಾಯಿತು. 2008ರ ಜನವರಿ 4ರಂದು, ಲಿಸ್ಬನ್‌ನಿಂದ ಹೊರಡಲು ಒಂದೇ ದಿನ ಇದ್ದಾಗ, ರ್ಯಾಲಿ ರದ್ದಾಯಿತು. ವರ್ಷವಿಡೀ ಸಾಲ ಮಾಡಿ ಸಿದ್ಧವಾದವರು ತಪಾಸಣೆ ಮುಗಿಸಿದ ವಾಹನಗಳ ಪಕ್ಕ ನಿಂತು ಆ ಸುದ್ದಿ ಕೇಳಿದರು. ಅದರ ಮರುವರ್ಷವೇ ದಕ್ಷಿಣ ಅಮೆರಿಕ.

ನಿಮ್ಮೆಲ್ಲರ ಮಾತು ಓದಿದ ಮೇಲೆ ನನ್ನ ಕೊರಗು ಏನೆಂದು ನನಗೇ ಸ್ವಲ್ಪ ಸ್ಪಷ್ಟವಾಗುತ್ತಿದೆ. ದೇಶಗಳ ಸಂಖ್ಯೆಗೆ ನಾನು ಹಂಬಲಿಸುತ್ತಿಲ್ಲ. ಪ್ಯಾರಿಸ್‌ನ ಚಳಿಯಲ್ಲಿ ಕೈಗವಸು ತೊಟ್ಟು ಹೊರಟವನು ಡಕಾರ್ ಬಳಿಯ ಗುಲಾಬಿ ಕೆರೆಯ ದಡದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ಒಂದು ಊರಲ್ಲಿ ಹೊರಟು ಬೇರೆಯದೇ ಲೋಕವನ್ನು ಮುಟ್ಟುವ ಆ ಒಂದೇ ಗೆರೆ ನನಗೆ ಬೇಕು. ನಕಾಶೆಯ ಮೇಲೆ ಬೆರಳಿಟ್ಟು ಎಳೆದರೆ ಬೆರಳು ಎಲ್ಲೂ ಹಿಂದಕ್ಕೆ ಬರಬಾರದು. ಒಂದೇ ಬಿಡಾರದ ಸುತ್ತ ತಿರುಗಿ ಬರುವ ಹಂತಗಳನ್ನು ನೋಡುವಾಗ ನನಗೆ ಆಗುವ ಬೇಸರ ಅದೇ.

ಹಳೆನಕಾಶೆ:
ಟೆನೆರೆ77 ಅವರು ಹೇಳಿದ ಆ ಒಂದೇ ಗೆರೆ ಡಕಾರ್‌ಗಿಂತ ಬಹಳ ಹಳೆಯದು. ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ, ಇದು ನನ್ನ ಪ್ರೀತಿಯ ವಿಷಯ.

1907ರ ಜೂನ್ 10ರಂದು ಐದು ವಾಹನಗಳು ಪೀಕಿಂಗ್‌ನಿಂದ (ಈಗಿನ ಬೀಜಿಂಗ್) ಪ್ಯಾರಿಸ್‌ಗೆ ಹೊರಟವು. ಇಟಲಿಯ ಶಿಪಿಯೋನೆ ಬೊರ್ಗೆಸೆ ಎಂಬ ರಾಜಕುಮಾರ, ಅವನ ಮೆಕ್ಯಾನಿಕ್ ಎತ್ತೊರೆ ಗುಯಿಜಾರ್ದಿ, ಪತ್ರಕರ್ತ ಲುಯಿಜಿ ಬಾರ್ಜಿನಿ ಒಂದೇ ಇತಾಲಾ ಕಾರಿನಲ್ಲಿದ್ದರು. ಪೀಕಿಂಗ್‌ನ ಉತ್ತರಕ್ಕಿರುವ ಬೆಟ್ಟಗಳಲ್ಲಿ ಕಾರನ್ನು ಹಗ್ಗ ಕಟ್ಟಿ ಕೂಲಿಯಾಳುಗಳು ಎಳೆದು ಹತ್ತಿಸಿದರು. ಗೋಬಿ ಮರುಭೂಮಿಯಲ್ಲಿ ಪೆಟ್ರೋಲು ಒಂಟೆಗಳ ಬೆನ್ನೇರಿ ಮೊದಲೇ ಹೋಗಿ ಕಾದಿತ್ತು. ಸೈಬೀರಿಯಾದಲ್ಲಿ ಒಂದು ಮರದ ಸೇತುವೆ ಮುರಿದು ಕಾರು ಹಿಮ್ಮುಖವಾಗಿ ಕೆಳಕ್ಕೆ ಬಿತ್ತು, ಮೂವರೂ ಬದುಕಿದ್ದೇ ಹೆಚ್ಚು. ಮುಂದೆ ರಷ್ಯಾದಲ್ಲಿ ಮರದ ಗಾಲಿ ಪುಡಿಯಾದಾಗ ಹಳ್ಳಿಯ ಬಂಡಿ ಬಡಗಿಯೊಬ್ಬ ಕೊಡಲಿಯನ್ನೇ ಮುಖ್ಯ ಆಯುಧ ಮಾಡಿಕೊಂಡು ಗಾಲಿಯನ್ನು ಮತ್ತೆ ಕಟ್ಟಿಕೊಟ್ಟ. ಕಾರನ್ನೇ ಕಾಣದ ಊರಿನ ಬಡಗಿ ಕಾರಿನ ಗಾಲಿ ಮಾಡಿದ! ಆಗಸ್ಟ್ 10ರಂದು ಅವರು ಪ್ಯಾರಿಸ್ ತಲುಪಿದರು. ನನ್ನ ಮಟ್ಟಿಗೆ ಆ ಗೆಲುವಿನಲ್ಲಿ ಆ ಬಡಗಿಗೂ ಪಾಲಿದೆ.

ಇನ್ನು 1968ರ ಲಂಡನ್–ಸಿಡ್ನಿ ಮ್ಯಾರಥಾನ್. ಇದು ನಮ್ಮ ನೆಲವನ್ನೂ ಹಾದುಹೋಯಿತು ಎಂದರೆ ಈಗಿನವರು ನಂಬುವುದಿಲ್ಲ. ನವೆಂಬರ್ 24ರಂದು ಲಂಡನ್‌ನಿಂದ ಹೊರಟ ಕಾರುಗಳು ಇಸ್ತಾಂಬುಲ್, ಟೆಹರಾನ್, ಕಾಬೂಲ್ ದಾಟಿ ದೆಹಲಿಗೆ, ಅಲ್ಲಿಂದ ಬೊಂಬಾಯಿಗೆ ಬಂದವು. ಬೊಂಬಾಯಿಯಲ್ಲಿ ಚೂಸಾನ್ ಎಂಬ ಹಡಗು ಏರಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೆ ಹೋದವು. ಸಿಡ್ನಿ ಇನ್ನೇನು ಬಂತು ಎನ್ನುವಾಗ, ಮೊದಲ ಸ್ಥಾನದಲ್ಲಿದ್ದ ಲೂಸಿಯೆನ್ ಬಿಯಾಂಕಿ ಅವರ ಸಿಟ್ರೊಯೆನ್‌ಗೆ ಎದುರಿನಿಂದ ಬಂದ ಮಿನಿ ಕಾರು ಡಿಕ್ಕಿ ಹೊಡೆಯಿತು. ಪ್ಯಾಡಿ ಹಾಪ್‌ಕರ್ಕ್ ಅಲ್ಲಿಗೆ ಬಂದಾಗ ಅವರಿಗೆ ಗೆಲ್ಲುವ ಅವಕಾಶ ಇನ್ನೂ ಇತ್ತು. ಅವರು ಕಾರು ನಿಲ್ಲಿಸಿ ಗಾಯಗೊಂಡವರ ನೆರವಿಗೆ ಧಾವಿಸಿದರು. ಹಿಲ್‌ಮನ್ ಹಂಟರ್ ಓಡಿಸುತ್ತಿದ್ದ ಆಂಡ್ರ್ಯೂ ಕೊವಾನ್ ಗೆದ್ದರು, ಹಾಪ್‌ಕರ್ಕ್ ಎರಡನೆಯವರಾದರು. ನನ್ನ ಬಳಿ ಆ ದಾರಿಯನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿದ ಒಂದು ನಕಾಶೆ ಇದೆ. ಮಡಿಕೆ ಬಿದ್ದಲ್ಲೆಲ್ಲ ಹರಿದಿದೆ, ಹರಿದ ಗೆರೆ ಕಾಬೂಲ್‌ನ ಮೇಲೇ ಹಾದುಹೋಗಿದೆ. ಆ ದಾರಿಯನ್ನು ಇಂದು ಯಾವ ಸಂಘಟಕರೂ ಬರೆಯಲಾರರು.

ಎಡಸೀಟಿನವನು:
ಬಡಗಿಯ ವಿಷಯ ಓದಿ ಸಂತೋಷವಾಯಿತು. ಹಲವು ದೇಶಗಳ ರ್ಯಾಲಿಯಲ್ಲಿ ನನಗೆ ಮುಖ್ಯ ಎನಿಸುವುದು ಇದೇ. ನಿಮ್ಮ ಭಾಷೆ ಬಾರದವನ ಕೈಗೆ ನಿಮ್ಮ ಗಾಡಿಯ ಭವಿಷ್ಯ ಹೋಗುತ್ತದೆ.

ರೋಡ್‌ಬುಕ್‌ರಾಯ:
ಒಪ್ಪುತ್ತೇನೆ, ಆದರೆ ಅಪರಿಚಿತರ ಕೈಯಲ್ಲಿ ಎಲ್ಲವೂ ಒಳ್ಳೆಯದೇ ಆಗುತ್ತದೆ ಎಂದೇನೂ ಇಲ್ಲ. 1988ರಲ್ಲಿ ಅರಿ ವಾತನೆನ್ ಮುನ್ನಡೆಯಲ್ಲಿದ್ದಾಗ ಮಾಲಿಯ ರಾಜಧಾನಿ ಬಮಾಕೊದಲ್ಲಿ ಅವರ ಪ್ಯೂಜೊ 405 ಕಾರನ್ನೇ ಕದ್ದೊಯ್ದು ಹಣ ಕೇಳಿದರು. ಕಾರು ಸಿಕ್ಕಿತು, ಆದರೆ ಹೊರಡುವ ಸಮಯ ಮೀರಿತ್ತು. ಅನರ್ಹರಾದರು, ಅವರ ತಂಡದವರೇ ಆದ ಯೂಹಾ ಕಾಂಕುನೆನ್ ಗೆದ್ದರು. ಮರುವರ್ಷ ವಾತನೆನ್ ಮತ್ತು ಜಾಕಿ ಇಕ್ಸ್ ಇಬ್ಬರೂ ಒಂದೇ ತಂಡದಲ್ಲಿ ಗೆಲುವಿಗಾಗಿ ಕಾದಾಡುತ್ತಿದ್ದರು. ಇಬ್ಬರೂ ಗಾಡಿ ಮುರಿದುಕೊಂಡಾರು ಎಂಬ ಭಯದಿಂದ ತಂಡದ ಮುಖ್ಯಸ್ಥ ಜಾನ್ ಟಾಡ್ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ನಾಣ್ಯ ವಾತನೆನ್ ಕಡೆಗೆ ಬಿತ್ತು. ನನಗೆ ಇದು ಎಂದೂ ಒಪ್ಪಿಗೆಯಾಗಿಲ್ಲ. ಸಾವಿರಾರು ಕಿಲೋಮೀಟರ್ ಓಡಿಸಿದವರ ನಡುವೆ ನಾಣ್ಯಕ್ಕೆ ಏನು ಕೆಲಸ?

ಆ ಕಾಲದ ಒಂದೇ ಒಂದು ದೃಶ್ಯ ಇಟ್ಟುಕೊಳ್ಳಿ ಎಂದರೆ ನಾನು ಇಟ್ಟುಕೊಳ್ಳುವುದು 1987ರ ಉಬೇರ್ ಓರಿಯೊಲ್ ಅವರನ್ನು. ಬೈಕಿನಲ್ಲಿ ಮುನ್ನಡೆಯಲ್ಲಿದ್ದರು, ಡಕಾರ್ ಇನ್ನೇನು ಕೈಗೆಟುಕುವಷ್ಟು ಹತ್ತಿರ. ಕಾಣದ ಮರದ ಬೊಡ್ಡೆಗೆ ಕಾಲು ಬಡಿದು ಬಿದ್ದರು. ಎರಡೂ ಕಾಲುಗಳ ಹರಡು ಮುರಿಯಿತು. ಮತ್ತೆ ಬೈಕು ಏರಿದರು. ನಿಂತರೆ ಊರಲು ಕಾಲಿಲ್ಲ, ಆದ್ದರಿಂದ ನಿಲ್ಲುವಂತೆಯೇ ಇಲ್ಲ. ಹಾಗೆಯೇ ಆ ಹಂತದ ಕೊನೆಯವರೆಗೆ ಓಡಿಸಿಕೊಂಡು ಬಂದು, ಅಲ್ಲಿದ್ದವರ ಕೈಗೆ ಬಿದ್ದು ಅತ್ತರು. ನೆವೂ ತಮ್ಮ ಐದನೇ ಗೆಲುವು ಪಡೆದರು. ಓರಿಯೊಲ್ ಬೈಕು ಬಿಟ್ಟು ಕಾರು ಹಿಡಿದು, 1992ರಲ್ಲಿ ಪ್ಯಾರಿಸ್‌ನಿಂದ ಕೇಪ್‌ಟೌನ್‌ಗೆ ಹೋದ ರ್ಯಾಲಿಯನ್ನು ಗೆದ್ದರು. ಎರಡೂ ವಿಭಾಗ ಗೆದ್ದ ಮೊದಲಿಗರು ಅವರೇ. ಆಮೇಲೆ ಸ್ಟೆಫಾನ್ ಪೀಟರ್‌ಹಾನ್ಸೆಲ್ ಬೈಕಿನಲ್ಲಿ ಆರು, ಕಾರಿನಲ್ಲಿ ಎಂಟು ಎಂದು ಹದಿನಾಲ್ಕು ಬಾರಿ ಗೆದ್ದರು. ಅದರಲ್ಲಿ 2021ರ ಗೆಲುವು ಸೌದಿಯಲ್ಲೇ. ಆಫ್ರಿಕಾ, ಅಮೆರಿಕ, ಅರೇಬಿಯಾ ಮೂರರಲ್ಲೂ ಗೆದ್ದ ಅವರಿಗೆ ಇದು ಅದೇ ರ್ಯಾಲಿಯಾಗಿದ್ದರೆ ನಮಗೇಕೆ ಆಗಬಾರದು?

ಮರುಪ್ರಶ್ನೆ:
ಸೌದಿಯ ಬಗ್ಗೆ ಮಾತು ಬಂದದ್ದರಿಂದ ಹೇಳುತ್ತೇನೆ. 2001ರಲ್ಲಿ ಯುಟ್ಟಾ ಕ್ಲೈನ್‌ಶ್ಮಿಟ್ ಮಿತ್ಸುಬಿಷಿ ಓಡಿಸಿ, ಡಕಾರ್ ಗೆದ್ದ ಮೊದಲ ಮಹಿಳೆಯಾದರು. ಆಗ ಸೌದಿಯಲ್ಲಿ ಹೆಣ್ಣುಮಕ್ಕಳಿಗೆ ರಸ್ತೆಯಲ್ಲಿ ಕಾರು ಓಡಿಸಲೂ ಅನುಮತಿ ಇರಲಿಲ್ಲ. ಆ ನಿಷೇಧ ತೆರವಾದದ್ದು 2018ರ ಜೂನ್‌ನಲ್ಲಿ. 2020ರ ಜನವರಿಯಲ್ಲಿ ಮೊದಲ ಸೌದಿ ಡಕಾರ್ ಜೆದ್ದಾದಿಂದ ಹೊರಟಾಗ, ಆ ಹಕ್ಕಿಗಾಗಿ ಹೋರಾಡಿದ ಲುಜೈನ್ ಅಲ್ ಹತ್ಲೂಲ್ ಇನ್ನೂ ಸೆರೆಮನೆಯಲ್ಲಿದ್ದರು. 2022ರಲ್ಲಿ ಡಾನಿಯಾ ಅಕೀಲ್ ಮತ್ತು ಮಶಾಯೆಲ್ ಅಲ್ ಒಬೈದಾನ್ ಡಕಾರ್‌ನಲ್ಲಿ ಸ್ಪರ್ಧಿಸಿದ ಮೊದಲ ಸೌದಿ ಮಹಿಳೆಯರಾದರು. ನಾನು ಅವರಿಬ್ಬರಿಗಾಗಿ ಎದ್ದುನಿಂತು ಚಪ್ಪಾಳೆ ತಟ್ಟಿದೆ. ಲುಜೈನ್ ಅವರನ್ನು ಮರೆತು ತಟ್ಟಲಿಲ್ಲ.

ಹೊಸಹಾದಿ:
ಈ ಮೂರು ಹೆಸರುಗಳನ್ನೂ ಬರೆದಿಟ್ಟುಕೊಂಡೆ. ಇನ್ನೊಂದು ಕೇಳಬೇಕು. ಹಾಪ್‌ಕರ್ಕ್ ಅವರಂತೆ ಈಗಿನ ಸವಾರರೂ ಬಿದ್ದವರಿಗಾಗಿ ನಿಲ್ಲುತ್ತಾರೆಯೇ? ಇಷ್ಟು ಹಣ, ಇಷ್ಟು ಪೈಪೋಟಿ ಇರುವಾಗ?

ಉಪ್ಪುನೆಲ:
ನಿಲ್ಲುತ್ತಾರೆ. ಬಿದ್ದವನ ಬಳಿ ನಿಂತು ಕಳೆದುಕೊಂಡ ಸಮಯವನ್ನು ಸಂಘಟಕರು ಹಿಂದಿರುಗಿಸುತ್ತಾರೆ ಎಂಬುದು ನಿಜ. ಆದರೆ ನಿಲ್ಲುವ ಕ್ಷಣದಲ್ಲಿ ಯಾರೂ ಆ ಲೆಕ್ಕ ಮಾಡುವುದಿಲ್ಲ.

ಪೋರ್ಚುಗಲ್‌ನ ಪಾವ್ಲೊ ಗೊನ್ಸಾಲ್ವಿಸ್ ಅವರ ಕಥೆ ಹೇಳುತ್ತೇನೆ. 2015ರಲ್ಲಿ ಎರಡನೇ ಸ್ಥಾನ ಪಡೆದವರು. 2016ರಲ್ಲಿ ಉಯುನಿಯಿಂದ ಸಾಲ್ಟಾ ಕಡೆಗೆ ಹೋಗುವಾಗ ಮಥಿಯಾಸ್ ವಾಲ್ಕ್ನರ್ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದರು. ಗೆಲುವಿನ ಪೈಪೋಟಿಯಲ್ಲಿದ್ದ ಗೊನ್ಸಾಲ್ವಿಸ್ ಬೈಕು ನಿಲ್ಲಿಸಿ, ನೆರವು ಬರುವವರೆಗೆ ಎದುರಾಳಿಯ ಪಕ್ಕ ಕುಳಿತರು. 2020ರಲ್ಲಿ ಅವರು ನಮ್ಮ ಹೀರೋ ತಂಡದ ಸವಾರ. ಮೂರನೇ ಹಂತದಲ್ಲಿ ಎಂಜಿನ್ ಕೆಟ್ಟಿತು. ಮರಳಿನಲ್ಲಿ ಕುಳಿತು ಗಂಟೆಗಟ್ಟಲೆ ಕಾದು, ಬೇರೆ ಎಂಜಿನ್ ಬಂದ ಮೇಲೆ ತಾವೇ ಜೋಡಿಸಿಕೊಂಡು ಹೊರಟರು. ಗೆಲ್ಲುವ ಮಾತು ಅಲ್ಲಿಗೇ ಮುಗಿದಿತ್ತು, ಆದರೂ ಹೊರಟರು. ಏಳನೇ ಹಂತದಲ್ಲಿ, ಜನವರಿ 12ರಂದು, ಬಿದ್ದು ತೀರಿಕೊಂಡರು. ಆಗ ಅವರ ಬಳಿ ನಿಂತವರು ಟೋಬಿ ಪ್ರೈಸ್, ಹಿಂದಿನ ವರ್ಷದ ವಿಜೇತ. ಹೆಲಿಕಾಪ್ಟರ್ ಕರೆದೊಯ್ಯುವವರೆಗೆ ಅವರು ಕದಲಲಿಲ್ಲ. ಹೀರೋ ತಂಡ ರ್ಯಾಲಿಯಿಂದ ಹಿಂದೆ ಸರಿಯಿತು.

ಎರಡು ವರ್ಷದ ಬಳಿಕ, 2022ರಲ್ಲಿ, ಅದೇ ತಂಡದ ಜೊವಾಕಿಂ ರೊಡ್ರಿಗಸ್ ಮೂರನೇ ಹಂತವನ್ನು ಗೆದ್ದರು. ಭಾರತೀಯ ತಂಡವೊಂದು ಡಕಾರ್‌ನಲ್ಲಿ ಗೆದ್ದ ಮೊದಲ ಹಂತ ಅದು. ರೊಡ್ರಿಗಸ್ ಮತ್ತು ಗೊನ್ಸಾಲ್ವಿಸ್ ಭಾವಮೈದುನರು. ಆ ಸಂಜೆ ನಾನು ಫಲಿತಾಂಶದ ಪಟ್ಟಿಯನ್ನು ಎಷ್ಟು ಬಾರಿ ತೆರೆದು ನೋಡಿದೆನೋ ಲೆಕ್ಕವಿಲ್ಲ.

ನಮ್ಮ ಸಂತೋಷ್ 2021ರಲ್ಲಿ ನಾಲ್ಕನೇ ಹಂತದಲ್ಲಿ ಬಿದ್ದು, ವೈದ್ಯರು ಅವರನ್ನು ಔಷಧಿಯಿಂದ ಕೋಮಾದಲ್ಲಿ ಇರಿಸಬೇಕಾಯಿತು. ಚೇತರಿಸಿಕೊಂಡು ಮನೆಗೆ ಬಂದರು. ಅದೇ ವರ್ಷ ಕೇರಳದ ಹರಿತ್ ನೋವಾ 20ನೇ ಸ್ಥಾನ ಪಡೆದರು. 2024ರಲ್ಲಿ ಒಟ್ಟಾರೆ 11ನೇ ಸ್ಥಾನ, ಅಗ್ರ ಶ್ರೇಣಿಯ ಕೆಳಗಿನ ರ್ಯಾಲಿ 2 ವಿಭಾಗದ ಗೆಲುವು ಅವರದೇ. ಹೀರೋ ಪರವಾಗಿ ಬೋಟ್ಸ್ವಾನಾದ ರಾಸ್ ಬ್ರಾಂಚ್ ಎರಡನೆಯವರಾದದ್ದೂ ಆ ವರ್ಷವೇ. ಟೆನೆರೆ77 ಅವರ ಗೆರೆಯ ಮಾತು ನನಗೂ ಹಿಡಿಸಿತು, ಆದರೆ ನಮ್ಮವರು ಎತ್ತರಕ್ಕೆ ಏರಿದ್ದು ಸೌದಿಯಲ್ಲಿ. ಆ ಮರಳನ್ನು ಕಡಿಮೆ ಎನ್ನಲು ನನ್ನಿಂದ ಆಗುವುದಿಲ್ಲ.

ಟೆನೆರೆ77:
ನಾನೂ ಇನ್ನು ಹಾಗೆ ಅನ್ನುವುದಿಲ್ಲ. ಗೊನ್ಸಾಲ್ವಿಸ್ ಅವರ ಎಂಜಿನ್ ವಿಷಯ ಗೊತ್ತಿತ್ತು. ಆದರೆ 2016ರಲ್ಲಿ ಅವರು ನಿಂತದ್ದನ್ನೂ 2020ರಲ್ಲಿ ಪ್ರೈಸ್ ನಿಂತದ್ದನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಗೆರೆ ಬೇಕೆನ್ನುವವರಿಗೆ ದಾರಿಗಳು ಪೂರ್ತಿ ಮುಚ್ಚಿಲ್ಲ. ಆಫ್ರಿಕಾ ಇಕೋ ರೇಸ್ ಮೊರಾಕ್ಕೊ, ಮಾರಿಟೇನಿಯಾ ದಾಟಿ ಸೆನೆಗಲ್‌ನ ಅದೇ ಗುಲಾಬಿ ಕೆರೆಯ ದಡಕ್ಕೆ ಹೋಗುತ್ತದೆ. ಓರಿಯೊಲ್ ಅವರೇ ಅದನ್ನು ಕಟ್ಟಿದವರಲ್ಲಿ ಒಬ್ಬರು. ಸಿಲ್ಕ್ ವೇ ರ್ಯಾಲಿ 2016ರಲ್ಲಿ ಮಾಸ್ಕೋದಿಂದ ಬೀಜಿಂಗ್‌ಗೆ ಹೋಗಿತ್ತು. ವಿಶ್ವ ರ್ಯಾಲಿ-ರೇಡ್ ಚಾಂಪಿಯನ್‌ಷಿಪ್‌ನಲ್ಲೂ (ಡಕಾರ್‌ನಂಥ ದೂರದ ಓಟಗಳ ಸರಣಿ) 2024ರಲ್ಲಿ ಪೋರ್ಚುಗಲ್ ಮತ್ತು ಸ್ಪೇನ್ ಎರಡನ್ನೂ ಹಾದ ರ್ಯಾಲಿ ನಡೆಯಿತು.

ಹಳೆನಕಾಶೆಯವರೇ, 1907ರಲ್ಲಿ ಐದು ವಾಹನ ಹೊರಟವು ಎಂದಿರಿ. ಉಳಿದ ನಾಲ್ಕರ ಗತಿ ಏನಾಯಿತು?

ಹಳೆನಕಾಶೆ:
ಮೂರು ಪ್ಯಾರಿಸ್‌ಗೆ ಬಂದವು, ಇತಾಲಾ ಬಂದು ಇಪ್ಪತ್ತು ದಿನದ ಮೇಲೆ. ನಾಲ್ಕನೆಯದು ಕೊಂತಾಲ್ ಎಂಬ ಮೂರು ಚಕ್ರದ ಪುಟ್ಟ ಗಾಡಿ. ಅದನ್ನು ಓಡಿಸುತ್ತಿದ್ದ ಓಗುಸ್ತ್ ಪೊನ್ಸ್‌ಗೆ ಗೋಬಿಯಲ್ಲಿ ಪೆಟ್ರೋಲು ಮುಗಿಯಿತು, ನೀರೂ ಮುಗಿಯಿತು. ಗಾಡಿ ಅಲ್ಲೇ ಉಳಿಯಿತು. ಪೊನ್ಸ್ ಮತ್ತು ಜೊತೆಗಾರನನ್ನು ಆ ಸೀಮೆಯ ಅಲೆಮಾರಿಗಳು ಕಂಡು ಉಳಿಸಿದರು. ಆ ಅಲೆಮಾರಿಗಳ ಹೆಸರು ನನಗೆ ಎಲ್ಲೂ ಸಿಕ್ಕಿಲ್ಲ, ಹುಡುಕುತ್ತಲೇ ಇದ್ದೇನೆ.